ಐಟಿಐಗಳಲ್ಲಿ (ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ) ಪ್ರಾಚಾರ್ಯರ ಆಡಳಿತದಿಂದ ಬೋಧಕರ ಕೆಲಸದ ಗುಣಮಟ್ಟ ಬದಲಾಗುತ್ತದೆಯೇ?

ಖಂಡಿತ ಬದಲಾಗುತ್ತದೆ. ಆದರೆ ಹಾಜರಿ ಪುಸ್ತಕದ ಬಿಗಿಗಿಂತ ಉಗ್ರಾಣದ ನಿರ್ವಹಣೆಯೇ ಇಲ್ಲಿ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಐಟಿಐಯಲ್ಲಿ ಕಲಿಕೆಯ ದೊಡ್ಡ ಪಾಲು ನಡೆಯುವುದು ಕಾರ್ಯಾಗಾರದಲ್ಲಿ. ವೆಲ್ಡಿಂಗ್ ಕಲಿಸುವ ಕಿರಿಯ ತರಬೇತಿ ಅಧಿಕಾರಿ ಎಷ್ಟೇ ನುರಿತವರಾಗಿದ್ದರೂ ಎಲೆಕ್ಟ್ರೋಡ್ (ಬೆಸುಗೆ ಕಡ್ಡಿ) ಮುಗಿದ ದಿನ ಅವರ ಪಾಠ ಕಪ್ಪುಹಲಗೆಗೆ ಇಳಿಯುತ್ತದೆ. ಸಾಮಗ್ರಿಯ ಬೇಡಿಕೆ ಪಟ್ಟಿಗೆ ಪ್ರಾಚಾರ್ಯರು ಸಕಾಲದಲ್ಲಿ ಸಹಿ ಹಾಕಿದರೆ, ಕೆಟ್ಟ ಲೇತ್ ಯಂತ್ರವನ್ನು ಬೇಗ ದುರಸ್ತಿ ಮಾಡಿಸಿದರೆ, ಬೋಧಕರಿಗೆ ಕಲಿಸುವ ಹುರುಪು ತಾನಾಗಿ ಬರುತ್ತದೆ. ತಿಂಗಳುಗಟ್ಟಲೆ ಕಾಯಿಸಿದರೆ ಅವರು ಕೇಳುವುದನ್ನೇ ನಿಲ್ಲಿಸುತ್ತಾರೆ. ಆ ಮೌನವೇ ಅತ್ಯಂತ ದೊಡ್ಡ ನಷ್ಟ.

ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ 150 ಸರ್ಕಾರಿ ಐಟಿಐಗಳು 2022ರಲ್ಲಿ ಲೋಕಾರ್ಪಣೆಗೊಂಡವು. ಹಳೆಯ ಯಂತ್ರಗಳ ಮೇಲೆ ಪಳಗಿದ ಬೋಧಕರು ಹೊಸ ತಂತ್ರಜ್ಞಾನವನ್ನು ಕಲಿಯಬೇಕು. ವೇಳಾಪಟ್ಟಿ ಹೊಂದಿಸಿ ಅವರನ್ನು ತರಬೇತಿಗೆ ಕಳುಹಿಸುವವರು ಪ್ರಾಚಾರ್ಯರೇ. ಪ್ರವೇಶಾತಿ, ವಿದ್ಯಾರ್ಥಿವೇತನದ ಅರ್ಜಿ, ಪೋರ್ಟಲ್‌ಗೆ ಮಾಹಿತಿ ತುಂಬುವುದು ಇಂಥ ಕಚೇರಿ ಕೆಲಸ ಒಬ್ಬಿಬ್ಬರ ತಲೆಗೇ ಬೀಳದಂತೆ ಹಂಚುವುದೂ ಅವರ ಹೊಣೆ.

ಮಿತಿಗಳೂ ಇವೆ. ಸರ್ಕಾರಿ ಸಂಸ್ಥೆಯಲ್ಲಿ ಖಾಲಿ ಹುದ್ದೆ ತುಂಬುವುದು, ವರ್ಗಾವಣೆ, ವೇತನ ಯಾವುದೂ ಪ್ರಾಚಾರ್ಯರ ಕೈಯಲ್ಲಿಲ್ಲ. ಅದಕ್ಕಾಗಿ ಅವರನ್ನು ದೂರುವುದು ಅನ್ಯಾಯ. ಆದರೆ ಹತ್ತಿರದ ಕಾರ್ಖಾನೆಯೊಂದಿಗೆ ಮಾತನಾಡಿ, ಬೋಧಕರು ಅಲ್ಲಿ ಕೆಲವು ದಿನ ನಿಂತು ಇಂದಿನ ಕೆಲಸದ ರೀತಿಯನ್ನು ನೋಡಿಬರುವಂತೆ ಮಾಡುವುದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಹೊಸ ಪ್ರಾಚಾರ್ಯರು ಅಲ್ಲಿಂದಲೇ ಆರಂಭಿಸಬಹುದು.