ಮಳೆಗಾಲದಲ್ಲಿ ಕೊಲಾಜ್ ಡ್ರಾಯಿಂಗ್ ಮುದುಡದಂತೆ, ಬೂಷ್ಟು ಹಿಡಿಯದಂತೆ ಮಾಡೋದು ಹೇಗೆ?

ಮಡಿಕೇರಿ ಮಳೆಯಲ್ಲಿ ಚಾರ್ಕೋಲ್ ಚಿತ್ರ ಬರೆದು, ಮೇಲೆ ಹಳೇ ಪೇಪರ್, ಕಾಫಿ ಗೋಣಿ ಅಂಟಿಸಿದರೆ ಹಾಳೆ ಮುದುಡಿ ಬೂಷ್ಟು ಬರುತ್ತೆ ಅಂದಿದ್ದೀರಿ. ಜೊತೆಗೆ, ಇದು ಡ್ರಾಯಿಂಗ್ ಹೌದಾ ಅಂತಲೂ ಕೇಳಿದ್ದೀರಿ. ಖಂಡಿತ ಹೌದು. 1912ರಲ್ಲಿ ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ ಮರದ ಗೆರೆ ಅಚ್ಚಾಗಿದ್ದ ವಾಲ್‌ಪೇಪರ್ ಪಟ್ಟಿಗಳನ್ನು ಹಾಳೆಗೆ ಅಂಟಿಸಿ, ಚಾರ್ಕೋಲ್‌ನಲ್ಲಿ ಹಣ್ಣಿನ ತಟ್ಟೆ, ಗ್ಲಾಸು ಬರೆದರು. ಕೆಳಗಿನ ಪಟ್ಟಿಯ ಮೇಲೆ ಒಂದು ಪುಟ್ಟ ವೃತ್ತ ಬಿದ್ದದ್ದೇ ತಡ, ಆ ಪಟ್ಟಿ ಮೇಜಿನ ಡ್ರಾಯರ್ ಆಗಿಬಿಟ್ಟಿತು, ವೃತ್ತ ಅದರ ಹಿಡಿ.

ನೀವೂ ಅಂಟಿಸಿದ ಮೇಲೇ ಗೆರೆ ಎಳೆಯಿರಿ. ಮೊದಲೇ ಬರೆದರೆ ಅಂಟಿನ ಬ್ರಷ್ಷು ಚಾರ್ಕೋಲನ್ನು ಎಳೆದಾಡಿ ಬೂದಿ ಬಳಿದಂತಾಗುತ್ತದೆ.

ಮುದುಡುವುದಕ್ಕೆ ಕಾರಣ ನೀರು. ಒದ್ದೆಯಾದ ಕಾಗದ ಎಳೆಗೆ, ಅಂದರೆ ಅದರ ನಾರುಗಳು ಸಾಲಾಗಿರುವ ದಿಕ್ಕಿಗೆ, ಅಡ್ಡವಾಗಿ ಹೆಚ್ಚು ಹಿಗ್ಗುತ್ತದೆ, ಒಣಗುವಾಗ ಕೆಳಗಿನ ಹಾಳೆಯನ್ನೂ ಜಗ್ಗುತ್ತದೆ. ನ್ಯೂಸ್‌ಪೇಪರ್ ಹರಿದು ನೋಡಿ: ಯಾವ ಕಡೆಗೆ ನೆಟ್ಟಗೆ ಹರಿಯುತ್ತದೋ ಅದೇ ಎಳೆಯ ದಿಕ್ಕು. ಅಂಟಿಸುವ ತುಂಡು, ಕೆಳಗಿನ ಹಾಳೆ ಎರಡರ ಎಳೆಯೂ ಒಂದೇ ದಿಕ್ಕಿಗಿರಲಿ. ತೆಳು ಡ್ರಾಯಿಂಗ್ ಶೀಟ್ ಬಿಟ್ಟು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ತಗೊಳ್ಳಿ. ಮುಂಬದಿಗೆ ದೊಡ್ಡ ತುಂಡು ಅಂಟಿಸಿದ್ದರೆ ಹಿಂಬದಿಗೂ ಅಷ್ಟೇ ಅಳತೆಯದ್ದು ಅಂಟಿಸಿ. ಎರಡೂ ಕಡೆ ಜಗ್ಗಾಟ ಸಮ ಆಗುತ್ತದೆ. ಆಮೇಲೆ ಬಟರ್ ಪೇಪರ್, ಅದರ ಮೇಲೆ ರದ್ದಿ ಪೇಪರ್, ಅದರ ಮೇಲೆ ಭಾರ. ಜುಲೈಯಲ್ಲಿ ಒಂದು ರಾತ್ರಿ ಸಾಲದು; ಎರಡು ಮೂರು ದಿನ ಬೇಕು, ರದ್ದಿ ಬದಲಾಯಿಸುತ್ತಿರಬೇಕು.

ಮೈದಾ ಅಂಟನ್ನು ಕೊಡಗಿನ ಮಳೆಗಾಲದಲ್ಲಿ ಮರೆತುಬಿಡಿ. ಅದು ಬೂಷ್ಟಿಗೂ ಊಟ, ಕಾಗದ ತಿನ್ನುವ ಸಿಲ್ವರ್‌ಫಿಶ್ ಹುಳಕ್ಕೂ ಊಟ. ಕಾಗದಕ್ಕೆ ಆಸಿಡ್ ಇಲ್ಲದ ಪಿವಿಎ ಅಂಟು (ಫೆವಿಕಾಲ್ ಥರದ ಬಿಳಿ ಅಂಟು) ತೆಳುವಾಗಿ ಸಾಕು.

ಗೋಣಿಯದು ಬೇರೆ ರಗಳೆ. ಸೆಣಬಿನ ನಾರಿಗೆ ಕಾರ್ಖಾನೆಯಲ್ಲೇ ಎಣ್ಣೆ ಹಾಕಿರುತ್ತಾರೆ. ಅದಕ್ಕೇ ಅಂಟು ಹಿಡಿಯುವುದಿಲ್ಲ, ತಿಂಗಳು ಕಳೆದ ಮೇಲೆ ಕಾಗದದಲ್ಲಿ ಹಳದಿ ಕಲೆ ಏಳುತ್ತದೆ. ಸೋಪಿನ ಬಿಸಿನೀರಲ್ಲಿ ಒಗೆದು, ಗರಿಗರಿ ಒಣಗಿಸಿ, ದಪ್ಪ ಆಕ್ರಿಲಿಕ್ ಜೆಲ್‌ನಲ್ಲಿ (ಆಕ್ರಿಲಿಕ್ ಬಣ್ಣಕ್ಕೆ ಬೆರೆಸುವ ಗಟ್ಟಿ ಅಂಟಿನಂಥದ್ದು) ಅಂಟಿಸಿ. ನ್ಯೂಸ್‌ಪೇಪರ್ ಮಾತ್ರ ಏನು ಮಾಡಿದರೂ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಬೇಡವೆಂದರೆ ಆ ಪುಟವನ್ನು ಒಳ್ಳೆ ಕಾಗದಕ್ಕೆ ಲೇಸರ್ ಪ್ರಿಂಟ್ ತೆಗೆಸಿ ಅಂಟಿಸಿ.

ಕೊನೆಗೆ ಫಿಕ್ಸೆಟಿವ್, ಅಂದರೆ ಚಾರ್ಕೋಲ್ ಉದುರದಂತೆ ಹಿಡಿದಿಡುವ ಸ್ಪ್ರೇ. ಥಂಡಿ ಗಾಳಿಯಲ್ಲಿ ಹೊಡೆದರೆ ಕಪ್ಪಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಮಳೆ ಬಿಟ್ಟ ಮಧ್ಯಾಹ್ನ, ಕಿಟಕಿ ತೆರೆದು, ಒಂದಡಿ ದೂರದಿಂದ ಎರಡು ತೆಳು ಪದರ. ಬೆಚ್ಚಗಿದೆ ಅಂತ ಒಲೆ ಪಕ್ಕ ಮಾತ್ರ ಹೊಡೆಯಬೇಡಿ, ಹತ್ತಿಕೊಳ್ಳುತ್ತದೆ.