ಕೆನಡಾದಲ್ಲಿ ಭಾರತೀಯರ ಮೇಲೆ ಸಿಟ್ಟು ಜಾಸ್ತಿಯಾಗಿದೆ. ಈಗ ಬರುತ್ತಿರುವ ವಿದ್ಯಾರ್ಥಿಗಳಿಂದಲೇ ನಮ್ಮೆಲ್ಲರ ಹೆಸರು ಕೆಟ್ಟಿತು. ಹೆಸರು ಬದಲಿಸಿಕೊಂಡು, ಹೊಸ ವಿದ್ಯಾರ್ಥಿಗಳಿಂದ ದೂರ ಇದ್ದರೆ ಒಳ್ಳೆ ಕೆಲಸ ಸಿಗುತ್ತಾ?

ಸಿಗಲ್ಲ. ನಾನು ಎರಡನ್ನೂ ಮಾಡಿದವನು.

ಭಾರತದಲ್ಲಿ ನಾನು ಎಲೆಕ್ಟ್ರಿಕಲ್ ಇಂಜಿನಿಯರ್. ಟೊರೊಂಟೊಗೆ ಬಂದ ಮೇಲೆ ಎಷ್ಟು ಅರ್ಜಿ ಹಾಕಿದರೂ ಯಾರೂ ಕರೆಯಲಿಲ್ಲ. ಕೊನೆಗೆ ರೆಸ್ಯೂಮೆಯಲ್ಲಿ ವೆಂಕಟರಮಣ ಹೋಗಿ ವಿನ್ಸ್ ಬಂದ. ಆಮೇಲೆ ಫೋನ್ ಬಂದಿದ್ದು ನಿಜ. ಹೆಸರು ನೋಡಿ ಪಕ್ಕಕ್ಕೆ ಇಡುತ್ತಾರೆ, ಅದರಲ್ಲಿ ಅನುಮಾನ ಬೇಡ. ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲಸ್ ಟೊರೊಂಟೊದ ಕಂಪನಿಗಳಿಗೆ ಸಾವಿರಾರು ಕಾಲ್ಪನಿಕ ರೆಸ್ಯೂಮೆ ಕಳಿಸಿ ಇದನ್ನೇ ಪರೀಕ್ಷಿಸಿದ್ದರು. 2011ರಲ್ಲಿ ಅದು ಪ್ರಕಟವಾಯಿತು. ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರುಗಳಿಗೆ ಇಂಗ್ಲಿಷ್ ಹೆಸರಿಗಿಂತ ಕಡಿಮೆ ಕರೆ ಬಂದಿದ್ದವು. ಆದರೆ ಅನುಭವ ಹೊರದೇಶದ್ದಾದರೆ ಅದಕ್ಕೂ ಪೆಟ್ಟು ಬೀಳುತ್ತೆ ಅಂತಲೂ ಅದರಲ್ಲಿದೆ. ಈ ಎರಡನೇ ಮಾತು ನನ್ನ ತಲೆಗೆ ಹೋಗಲೇ ಇಲ್ಲ.

ಇಂಟರ್‌ವ್ಯೂಗೆ ಹೋದೆ. ಬಾಗಿಲು ತೆಗೆದ ಹೆಂಗಸು "ವಿನ್ಸ್?" ಅಂತ ಕರೆದು, ನನ್ನನ್ನು ದಾಟಿ ಪಕ್ಕದವರ ಮುಖ ನೋಡಿದರು. ಒಳಗೆ ಕೂತ ತಕ್ಷಣ ಕೇಳಿದ್ದು ಕೆನಡಾದ ಅನುಭವ ಇದೆಯಾ ಅಂತ. ಇರಲಿಲ್ಲ.

ಟೊರೊಂಟೊ ಪಕ್ಕದ ಬ್ರಾಂಪ್ಟನ್ನಿನ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಗೆ ಸೇರಿದೆ. ಅಲ್ಲಿ ಪಂಜಾಬಿನಿಂದ ಓದಲು ಬಂದಿದ್ದ ಒಬ್ಬ ಹುಡುಗ ನನ್ನ ಕಥೆ ಕೇಳಿ, "ನಮ್ಮ ಮಾಮ ಲೈಸೆನ್ಸ್ ಇರೋ ಇಂಜಿನಿಯರ್, ಸಣ್ಣ ಡಿಸೈನ್ ಆಫೀಸ್ ಇದೆ, ನಾನು ಮಾತಾಡಲಾ?" ಅಂದ. ನಾನು ನೋಡೋಣ ಅಂದು ಸುಮ್ಮನಾದೆ. ಮರುದಿನದಿಂದ ಊಟಕ್ಕೆ ಬೇರೆ ಮೇಜಿಗೆ ಹೋದೆ. ಆ ಹುಡುಗರ ಗುಂಪಿನಲ್ಲಿ ಕಂಡರೆ ನನ್ನನ್ನೂ ಅವರ ಜೊತೆ ಸೇರಿಸಿಬಿಡುತ್ತಾರೆ ಅನ್ನೋ ಭಯ.

ಅದು ಎಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳಬೇಕು. ಆಗ ಟೊರೊಂಟೊ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ ಇಂಜಿನಿಯರ್ ಲೈಸೆನ್ಸ್ ಬೇಕಂದರೆ ಕನಿಷ್ಠ ಒಂದು ವರ್ಷದ ಕೆನಡಾ ಅನುಭವ ಬೇಕಿತ್ತು. ಅದೂ ಲೈಸೆನ್ಸ್ ಇರುವವರ ಕೈಕೆಳಗೆ. ಲೈಸೆನ್ಸ್ ಇಲ್ಲದವನನ್ನು ಆ ಕೆಲಸಕ್ಕೆ ಯಾರು ಕರೆಯುತ್ತಾರೆ? ಪರಿಚಯದವರು ಮಾತ್ರ. ಆ ಮಾಮ ಸಂಬಳ ಕಡಿಮೆ ಕೊಟ್ಟಿದ್ದರೂ ಪರವಾಗಿರಲಿಲ್ಲ, ನನಗೆ ಬೇಕಿದ್ದದ್ದು ಆ ಒಂದು ವರ್ಷ ಮತ್ತು ಅವರ ಸಹಿ. ನಾನು ಬಿಟ್ಟ ಜಾಗಕ್ಕೆ ನಮ್ಮದೇ ಪಾಳಿಯ ಫಿಲಿಪೀನ್ಸಿನವರೊಬ್ಬರು ಹೋದರು. ಅವರು ಲೈಸೆನ್ಸ್ ತಗೊಂಡು ಎಷ್ಟೋ ಕಾಲ ಆದ ಮೇಲೂ ನಾನು ಪೆಟ್ಟಿಗೆ ಎತ್ತುತ್ತಿದ್ದೆ. ಆ ಕೆನಡಾ ಅನುಭವದ ಷರತ್ತು ಹೋಗಿದ್ದು 2023ರಲ್ಲಿ.

ವಿದ್ಯಾರ್ಥಿಗಳಿಂದ ನಮ್ಮ ಹೆಸರು ಕೆಟ್ಟಿತು ಅನ್ನೋ ನಿಮ್ಮ ಮಾತನ್ನು ನಾನು ಒಪ್ಪಲ್ಲ. 1914ರಲ್ಲಿ ಭಾರತೀಯರನ್ನು ಹೊತ್ತ ಕೊಮಗಾಟ ಮಾರು ಹಡಗು ಕೆನಡಾದ ವ್ಯಾಂಕೂವರ್‌ಗೆ ಬಂದಾಗ ಯಾವ ವಿದ್ಯಾರ್ಥಿಗಳ ದಂಡೂ ಇರಲಿಲ್ಲ. ಅದರಲ್ಲಿದ್ದವರು 376 ಜನ, ಹೆಚ್ಚಿನವರು ಸಿಖ್ಖರು. ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ, ಹೆಚ್ಚುಕಡಿಮೆ ಎಲ್ಲರನ್ನೂ ವಾಪಸ್ ಅಟ್ಟಿದರು. ಈಗಿನ ಸಿಟ್ಟಿಗೆ ಬಾಡಿಗೆಯೂ ಕಾರಣ. 2023ರಲ್ಲಿ ಇಲ್ಲಿನ ಜನಸಂಖ್ಯೆ ಒಂದೇ ವರ್ಷಕ್ಕೆ ಶೇ 3.2ರಷ್ಟು ಏರಿತು, ಮನೆಗಳು ಆ ವೇಗಕ್ಕೆ ಏಳಲಿಲ್ಲ. ಕಾಲೇಜುಗಳು ಸ್ಥಳೀಯರಿಗಿಂತ ಹಲವು ಪಟ್ಟು ಫೀಸು ತಗೊಂಡು ಸೀಟು ಕೊಟ್ಟವು, ಸರ್ಕಾರ ವೀಸಾ ಕೊಟ್ಟಿತು. ಬೈಗುಳ ಮಾತ್ರ ಬೇಸ್‌ಮೆಂಟಿನಲ್ಲಿ ಐದಾರು ಜನ ಸೇರಿ ಮಲಗುವ ಹುಡುಗರಿಗೆ. ನಾವೂ ಬೈಯುವವರ ಜೊತೆ ಸೇರಿಕೊಂಡರೆ ನಮ್ಮನ್ನು ಬೇರೆ ಅಂತ ಯಾರು ಗುರುತಿಸುತ್ತಾರೆ? ಬೈಯುವವನಿಗೆ ನಿಮ್ಮ ಪಿಆರ್ ಕಾರ್ಡ್ (ಕಾಯಂ ನಿವಾಸಿ ಅನ್ನೋ ಗುರುತಿನ ಚೀಟಿ) ಕಾಣಿಸಲ್ಲ.

ಹೆಸರು ಬೇಕಾದರೆ ಬದಲಿಸಿ, ಅದು ನಿಮ್ಮಿಷ್ಟ. ಆದರೆ ಮೊದಲು ನಿಮ್ಮ ವೃತ್ತಿಗೆ ಲೈಸೆನ್ಸ್ ಬೇಕಾ ನೋಡಿ, ಬೇಕಿದ್ದರೆ ಇವತ್ತೇ ಅರ್ಜಿ ಶುರು ಮಾಡಿ. ಒಂಟಾರಿಯೋದಲ್ಲಿ 2026ರ ಜನವರಿಯಿಂದ 25 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ ಸಾರ್ವಜನಿಕ ಜಾಹೀರಾತಿನಲ್ಲಿ ಕೆನಡಾ ಅನುಭವ ಬೇಕು ಅಂತ ಹಾಕುವಂತಿಲ್ಲ. ಹಾಗಂತ ಮನಸ್ಸಿನಲ್ಲಿರೋದು ಹೋಗಲ್ಲ, ಅಲ್ವಾ? ಅದಕ್ಕೇ ಗುರುತಿನವರು ಬೇಕು. ನೀವು ದೂರ ಇಡಬೇಕು ಅಂದುಕೊಂಡಿರುವ ಆ ಹುಡುಗರನ್ನೇ ಮೊದಲು ಮಾತಾಡಿಸಿ. ನಿಮ್ಮ ಕೆಲಸ ಏನು ಅಂತ ಅವರಿಗೆ ಸರಿಯಾಗಿ ಹೇಳಿ.