ಜ್ಯಾಕ್ ಅಂದ್ರೆ ಜಾನ್ ಅವ್ರೇನಾ?

ಮ್ಯಾಂಚೆಸ್ಟರ್‌ಗೆ ಈಗಷ್ಟೇ ಬಂದಿದೀರ, ಆಫೀಸಲ್ಲಿ ಎಲ್ರೂ ಜ್ಯಾಕ್ ಅನ್ನೋ ಮ್ಯಾನೇಜರ್ ಹೆಸರು ಆಫರ್ ಲೆಟರ್‌ನಲ್ಲಿ ಜಾನ್ ಅಂತ ಇದೆ, ಏನಂತ ಕರೀಲಿ, ಮತ್ತೆ ಅವ್ರು ನನ್ನ ಜ್ಯಾಕ್ ಆಫ್ ಆಲ್ ಟ್ರೇಡ್ಸ್ ಅಂದ್ರು ಅದು ಬೈಗುಳನಾ ಅಂತ ಕೇಳಿದೀರಲ್ಲ. ತಲೆ ಕೆಡಿಸ್ಕೋಬೇಡಿ ಮಾರಾಯ್ರೇ, ಇಬ್ರೂ ಒಬ್ರೇ. ನಮ್ಮಲ್ಲಿ ಕೃಷ್ಣಮೂರ್ತಿ ಕಿಟ್ಟಿ ಆಗಲ್ವಾ, ಹಂಗೆ ಇಲ್ಲಿ ಜಾನ್ ಜ್ಯಾಕ್ ಆಗೋದು ನೂರಾರು ವರ್ಷದ ರೂಢಿ. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಮನೆಯವ್ರಿಗೆಲ್ಲ ಜ್ಯಾಕ್, ಇಂಗ್ಲೆಂಡ್ ಓಪನರ್ ಜ್ಯಾಕ್ ಹಾಬ್ಸ್ ಕಾಗದದ ಮೇಲೆ ಜಾನ್ ಬೆರಿ ಹಾಬ್ಸ್. ಹಂಗಂತ ಕಂಡ ಜ್ಯಾಕ್‌ಗೆಲ್ಲ ಜಾನ್ ಅಂತ ಬರೆದುಬಿಟ್ಟೀರ ಮತ್ತೆ! 1996ರಿಂದ 2008ರ ತನಕ ಇಂಗ್ಲೆಂಡ್, ವೇಲ್ಸ್‌ನಲ್ಲಿ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರೇ ಜ್ಯಾಕ್, ಹಾಗಾಗಿ ನಿಮ್ಮ ಟೀಮಿನ ಚಿಕ್ಕ ಹುಡುಗರು ಯಾರಾದ್ರೂ ಜ್ಯಾಕ್ ಆಗಿದ್ರೆ ಅವ್ರ ಬರ್ತ್ ಸರ್ಟಿಫಿಕೇಟ್‌ನಲ್ಲೇ ಅದೇ ಇರೋ ಸಾಧ್ಯತೆ ಜಾಸ್ತಿ.

ಇನ್ನು ಆ ಮಾತು. ಹಿಂದೆ ಇಲ್ಲಿ ಜ್ಯಾಕ್ ಅಂದ್ರೆ ಯಾವನೋ ಒಬ್ಬ ಸಾಮಾನ್ಯ ಆಳು ಅಂತ್ಲೂ ಇತ್ತು, ಆಳು ಮಾಡೋ ಕೆಲಸ ಮಾಡೋ ಸಾಮಾನಿಗೂ ಅದೇ ಹೆಸರು ಬಿತ್ತು, ಪಂಚರ್ ಅಂಗಡೀಲಿ ಕಾರ್ ಎತ್ತೋಕೆ ನಾವು ಜಾಕಿ ಅಂತೀವಲ್ಲ ಅದು ಇದೇ, ಇಸ್ಪೀಟಿನ ಗುಲಾಮನೂ ಇವನೇ. (ಹಲಸಿನ ಹಣ್ಣಿಗೆ ಮಾತ್ರ ಸಂಬಂಧ ಇಲ್ಲ, ಅದು ಮಲಯಾಳದ ಚಕ್ಕ, ಪೋರ್ಚುಗೀಸರ ಬಾಯಲ್ಲಿ ಜಾಕ ಆಗಿ ಇಂಗ್ಲಿಷಿಗೆ ಬಂದಿದ್ದು.) ಹಾಗಾಗಿ ಜ್ಯಾಕ್ ಆಫ್ ಆಲ್ ಟ್ರೇಡ್ಸ್ ಅಂದ್ರೆ ಎಲ್ಲಾ ಕೆಲಸಕ್ಕೂ ಕೈ ಹಾಕೋ ಆಸಾಮಿ. ಅಷ್ಟಕ್ಕೇ ನಿಲ್ಲಿಸಿದ್ರೆ ಹೊಗಳಿಕೆ ಅಂತ್ಲೇ ಇಟ್ಕೊಳ್ಳಿ, ಹಿಂದೇನೇ ಮಾಸ್ಟರ್ ಆಫ್ ನನ್ ಅಂತ ಬಾಲ ಸೇರಿಸಿದ್ರೆ ಯಾವುದ್ರಲ್ಲೂ ಪಳಗಿಲ್ಲ ಅಂತ ಚುಚ್ಚಿದ ಹಾಗೆ, ಆದ್ರೂ ಇಲ್ಲಿಯವ್ರು ತಮ್ಮ ಬಗ್ಗೇನೇ ಹಾಗೆ ಹೇಳ್ಕೊಂಡು ನಗ್ತಾರೆ. ನಿಜವಾಗ್ಲೂ ಬೇಜಾರಾಗಬೇಕಾದ್ದು ಐಯಾಮ್ ಆಲ್‌ರೈಟ್ ಜ್ಯಾಕ್ ಅನ್ನೋ ಥರದವನು ಅಂತ ನಿಮ್ಮನ್ನ ಅಂದ್ರೆ, ತನ್ನದಾದ್ರೆ ಸಾಕು ಉಳಿದವ್ರು ಹಾಳಾಗಿ ಹೋಗ್ಲಿ ಅನ್ನೋ ಸ್ವಾರ್ಥಿ ಅಂತ ಅದರರ್ಥ.

ಕರೆಯೋದಕ್ಕೆ ಇಮೇಲ್ ಕೊನೇಲಿ ಮ್ಯಾನೇಜರೇ ತಮ್ಮ ಹೆಸರು ಏನಂತ ಹಾಕ್ತಾರೆ ನೋಡಿ, ಅದೇ ಹೆಸ್ರು, ಸರ್ ಅನ್ನೋದು ಇವತ್ತೇ ಬಿಟ್ಬಿಡಿ, ಅದನ್ನ ಕೇಳಿದ್ರೆ ಅವ್ರಿಗೇ ಮುಜುಗರ. ಬಾಡಿಗೆ ಮನೆ ಫಾರ್ಮಲ್ಲಿ ರೆಫರೆನ್ಸ್‌ಗೆ ಮ್ಯಾನೇಜರ್ ಹೆಸರು ಕೇಳ್ತಾರೆ, ಅಲ್ಲಿ ಮಾತ್ರ ಜಾನ್ ಅಂತ್ಲೇ ತುಂಬಿ.